ಕಿಡ್ನಿಯಲ್ಲಿ ಬಿಳಿ ಗಂಟು, ರಿಪೋರ್ಟಿನಲ್ಲಿ ಪ್ರಶ್ನೆ ಚಿಹ್ನೆ

ಪ್ರಶ್ನೆ: ನನಗೆ 47 ವರ್ಷ. ದಾವಣಗೆರೆ ಹತ್ತಿರದ ಒಂದು ಹಳ್ಳಿಯವಳು. ಎರಡು ತಿಂಗಳಿಂದ ಊಟ ಆದ ಮೇಲೆ ಹೊಟ್ಟೆ ಉಬ್ಬರ ಬರುತ್ತಿತ್ತು. ಪಿತ್ತಕೋಶದಲ್ಲಿ ಕಲ್ಲಿರಬಹುದು ಅಂತ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದರು. ಕಲ್ಲು ಇರಲಿಲ್ಲ. ಆದರೆ ಬಲಗಡೆ ಕಿಡ್ನಿಯ ಮೇಲ್ತುದಿಯಲ್ಲಿ '2.1 × 1.9 ಸೆಂ.ಮೀ. ಹೈಪರ್‌ಎಕೋಯಿಕ್ ಲೀಶನ್, ಆಂಜಿಯೋಮಯೋಲೈಪೋಮಾ?' ಅಂತ ಬರೆದಿದ್ದಾರೆ. ಒಬ್ಬ ಡಾಕ್ಟರು 'ಕೊಬ್ಬಿನ ಗಂಟು, ಸುಮ್ನೆ ಬಿಡಿ' ಅಂದರು. ಇನ್ನೊಬ್ಬರು ಡೈ ಹಾಕಿ ಸಿಟಿ ಮಾಡಿಸಿ ಅಂದರು. ನನ್ನ ತಮ್ಮ ಪೆಟ್ ಸ್ಕ್ಯಾನ್ ಮಾಡಿಸೋಣ ಅಂತಿದ್ದಾನೆ. ಸೂಜಿ ಚುಚ್ಚಿ ಪರೀಕ್ಷೆ ಮಾಡಿದರೆ ಹರಡುತ್ತೆ ಅಂತ ಅಕ್ಕಪಕ್ಕದವರು ಹೆದರಿಸಿದ್ದಾರೆ. ನನಗೆ ಶುಗರ್ ಇದೆ, ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುತ್ತೇನೆ. ಇದು ಕ್ಯಾನ್ಸರಾ? ಯಾವ ಸ್ಕ್ಯಾನ್ ಮಾಡಿಸಲಿ?

ಉತ್ತರ: ಮೊದಲು ಭಯದ ಪ್ರಶ್ನೆ ಮುಗಿಸೋಣ. ನೀವು ಬರೆದಿದ್ದನ್ನೆಲ್ಲ ನೋಡಿದರೆ ಇದು ಕ್ಯಾನ್ಸರ್ ಅಲ್ಲದ ಗಂಟಾಗಿರುವ ಸಾಧ್ಯತೆಯೇ ಜಾಸ್ತಿ. ಆದರೆ 'ಸಾಧ್ಯತೆ ಜಾಸ್ತಿ' ಅನ್ನುವ ಮಾತು ನಂಬಿಕೊಂಡು ಮಲಗಿದರೆ ನಿದ್ದೆ ಬರಲ್ಲ, ಅಲ್ವಾ? ರಿಪೋರ್ಟಿನಲ್ಲಿರುವ ಆ ಪ್ರಶ್ನೆ ಚಿಹ್ನೆಯನ್ನು ಅಳಿಸಬೇಕು. ಅದಕ್ಕೆ ಪೆಟ್ ಬೇಡ. ಸದ್ಯಕ್ಕೆ ಸೂಜಿಯೂ ಬೇಡ. ಬಹುಶಃ ಡೈ (ಚಿತ್ರದಲ್ಲಿ ರಕ್ತನಾಳ ಹೊಳೆಯಲಿ ಅಂತ ಚುಚ್ಚಿ ಕೊಡುವ ಔಷಧಿ) ಕೂಡ ಬೇಡ. ಡೈ ಇಲ್ಲದೆ, ತೆಳು ಸ್ಲೈಸಿನಲ್ಲಿ ತೆಗೆದ ಒಂದು ಪ್ಲೈನ್ ಸಿಟಿಯೇ ಸಾಕಾಗಬಹುದು. (ಸಿಟಿ ಅಂದರೆ ಎಕ್ಸ್‌ರೇ ಬಳಸಿ ದೇಹವನ್ನು ಪದರ ಪದರವಾಗಿ ತೋರಿಸುವ ಸ್ಕ್ಯಾನ್. ಆ ಒಂದೊಂದು ಪದರವೇ ಸ್ಲೈಸ್.)

ನಾವು ರೇಡಿಯಾಲಜಿಸ್ಟರು ಪ್ರಶ್ನೆ ಚಿಹ್ನೆ ಹಾಕುವುದರಲ್ಲಿ ಧಾರಾಳಿಗಳು ಅಂತ ಜನ ನಗುತ್ತಾರೆ. ನಿಮ್ಮ ವಿಷಯದಲ್ಲಿ ಮಾತ್ರ ಹಾಕಿದವರು ಸರಿಯಾಗಿಯೇ ಹಾಕಿದ್ದಾರೆ. ಹೊಟ್ಟೆ ಸ್ಕ್ಯಾನಿಂಗಿನಲ್ಲಿ, ಅಂದರೆ ಅಲ್ಟ್ರಾಸೌಂಡಿನಲ್ಲಿ, ಅದಕ್ಕಿಂತ ಮುಂದೆ ಹೇಳಲು ಬರುವುದಿಲ್ಲ.

ಆಂಜಿಯೋಮಯೋಲೈಪೋಮಾ ಅನ್ನುವ ಹೆಸರು ಕೇಳಿ ಗಾಬರಿ ಬೇಡ. ಬಿಡಿಸಿ ನೋಡಿದರೆ ಅದು ಗಂಟಿನೊಳಗೆ ಏನೇನಿದೆ ಅನ್ನುವ ಪಟ್ಟಿ ಅಷ್ಟೇ. ಆಂಜಿಯೋ ಅಂದರೆ ರಕ್ತನಾಳ, ಮಯೋ ಅಂದರೆ ಸ್ನಾಯು, ಲೈಪೋ ಅಂದರೆ ಕೊಬ್ಬು. ಮೂರೂ ಕಲಸಿದ ಗಂಟು. ಆಡುಮಾತಿನಲ್ಲಿ ನಾವು ಇದಕ್ಕೆ ಎಎಂಎಲ್ ಅನ್ನುತ್ತೇವೆ. (ಒಂದು ಬಗೆಯ ರಕ್ತದ ಕ್ಯಾನ್ಸರಿಗೂ ಇದೇ ಮೂರಕ್ಷರ ಇದೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಫೋನಿನಲ್ಲಿ ಹುಡುಕಿ ರಾತ್ರಿಯೆಲ್ಲ ಅತ್ತವರನ್ನು ನೋಡಿದ್ದೇನೆ.) ದೊಡ್ಡವರ ಕಿಡ್ನಿಯಲ್ಲಿ ಬರುವ ಕ್ಯಾನ್ಸರ್ ಅಲ್ಲದ ಗಟ್ಟಿ ಗಂಟುಗಳಲ್ಲಿ ಹೆಚ್ಚು ಕಾಣುವುದು ಇದೇ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಅದೂ ನಿಮ್ಮ ವಯಸ್ಸಿನ ಆಸುಪಾಸಿನಲ್ಲಿ. ಹೊಟ್ಟೆ ಉಬ್ಬರಕ್ಕೂ ಇದಕ್ಕೂ ಸಂಬಂಧ ಇರುವ ಹಾಗೆ ಕಾಣುವುದಿಲ್ಲ. ಬೇರೇನೋ ಹುಡುಕಲು ಹೋದಾಗ ಸಿಕ್ಕಿದ್ದು ಇದು. ಇಂಥ ಗಂಟುಗಳು ಬಹುಪಾಲು ಸಿಗುವುದೇ ಹಾಗೆ.

ಹೈಪರ್‌ಎಕೋಯಿಕ್ ಅಂದರೆ ಸ್ಕ್ಯಾನಿಂಗಿನಲ್ಲಿ ಬೆಳ್ಳಗೆ ಕಂಡಿತು ಅಂತ ಅರ್ಥ. ಕೊಬ್ಬು, ಸ್ನಾಯು, ರಕ್ತನಾಳ ಒತ್ತೊತ್ತಾಗಿ ಇರುವ ಕಡೆ ಶಬ್ದದ ಅಲೆ ಪ್ರತಿ ಗಡಿಯಲ್ಲೂ ಸ್ವಲ್ಪ ಸ್ವಲ್ಪ ವಾಪಸ್ ಬರುತ್ತದೆ. ಹಾಗಾಗಿ ಪರದೆ ಮೇಲೆ ಸುಣ್ಣ ಬಳಿದ ಹಾಗೆ ಕಾಣುತ್ತದೆ. ಇಷ್ಟೇ ಆಗಿದ್ದರೆ 'ಬಿಳಿ ಅಂದರೆ ಎಎಂಎಲ್' ಅಂತ ಬರೆದು ಕೈತೊಳೆದುಕೊಳ್ಳಬಹುದಿತ್ತು. ತೊಂದರೆ ಏನೆಂದರೆ 3 ಸೆಂ.ಮೀ.ಗಿಂತ ಸಣ್ಣ ಕಿಡ್ನಿ ಕ್ಯಾನ್ಸರುಗಳಲ್ಲೂ ಹೆಚ್ಚುಕಡಿಮೆ ಮೂರರಲ್ಲಿ ಒಂದು ಹೀಗೇ ಬೆಳ್ಳಗೆ ಕಾಣುತ್ತದೆ. ಗಂಟಿನ ಹಿಂದೆ ತೆಳು ನೆರಳು ಬಿದ್ದಿದ್ದರೆ ಮನಸ್ಸು ಎಎಂಎಲ್ ಕಡೆ ವಾಲುತ್ತದೆ. ಸುತ್ತ ಕಪ್ಪು ಅಂಚು ಅಥವಾ ಒಳಗೆ ಸಣ್ಣ ಸಣ್ಣ ನೀರಿನ ಗುಳ್ಳೆ ಕಂಡರೆ ಅನುಮಾನ ಬರುತ್ತದೆ. ಆದರೆ ಇವೆರಡೂ ಸುಳಿವುಗಳು ಮಾತ್ರ, ಸಾಕ್ಷಿಯಲ್ಲ. ಅದಕ್ಕೇ 'ಕೊಬ್ಬಿನ ಗಂಟು, ಸುಮ್ನೆ ಬಿಡಿ' ಅಂದ ಡಾಕ್ಟರ ಮಾತು ಕೊನೆಗೆ ನಿಜವಾಗಬಹುದಾದರೂ ಅದನ್ನು ಒಂದು ಹೆಜ್ಜೆ ಮೊದಲೇ ಹೇಳಿಬಿಟ್ಟಿದ್ದಾರೆ.

ನಮಗೆ ಬೇಕಾದ ಸಾಕ್ಷಿ ಒಂದೇ: ಗಂಟಿನೊಳಗೆ ನಿಜವಾಗಿ ಕೊಬ್ಬು ಇದೆಯಾ?

ಇದನ್ನು ಸಿಟಿ ಹೇಳುವಷ್ಟು ನೇರವಾಗಿ ಇನ್ಯಾವುದೂ ಹೇಳುವುದಿಲ್ಲ. ಸಿಟಿ ಚಿತ್ರದ ಪ್ರತಿ ಚುಕ್ಕಿಗೂ ಒಂದು ಸಂಖ್ಯೆ ಇರುತ್ತದೆ. ನೀರಿಗೆ 0. ಗಾಳಿಗೆ ಮೈನಸ್ 1000. ಮಾಂಸಖಂಡ, ಕಿಡ್ನಿಯಂಥ ಅಂಗಗಳಿಗೆ ಡೈ ಇಲ್ಲದಾಗ 30ರಿಂದ 50ರ ಸುತ್ತಮುತ್ತ. ಕೊಬ್ಬು ನೀರಿಗಿಂತ ಹಗುರ. ಸಾರಿನ ಮೇಲೆ ತುಪ್ಪ ತೇಲುವುದನ್ನು ನೋಡಿದ್ದೀರಲ್ಲ. ಎಕ್ಸ್‌ರೇ ಕೊಬ್ಬನ್ನು ಸಲೀಸಾಗಿ ದಾಟಿಬಿಡುತ್ತದೆ, ಹಾಗಾಗಿ ಅದರ ಸಂಖ್ಯೆ ಸೊನ್ನೆಗಿಂತ ಕೆಳಗೆ, ಮೈನಸ್ 100ರ ಆಸುಪಾಸು ಬರುತ್ತದೆ. ಈ ಅಳತೆಗೆ ಹೌನ್ಸ್‌ಫೀಲ್ಡ್ ಯೂನಿಟ್ ಅಂತ ಹೆಸರು. ಸಿಟಿ ಯಂತ್ರ ಕಟ್ಟಿದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಡಾಕ್ಟರಲ್ಲ, ಇಂಗ್ಲೆಂಡಿನ ಇಎಂಐ ಕಂಪನಿಯ ಇಂಜಿನಿಯರ್. 1971ರಲ್ಲಿ ಮೊದಲ ರೋಗಿಯ ತಲೆಯ ಸಿಟಿ ಆಯಿತು, 1979ರಲ್ಲಿ ನೊಬೆಲ್ ಬಂತು. ನಮ್ಮ ಕೆಲಸದಲ್ಲಿ ಅವರ ಹೆಸರು ಬರದ ದಿನವೇ ಇಲ್ಲ.

ಗಂಟಿನೊಳಗೆ ಮೈನಸ್ 10ಕ್ಕಿಂತ ಕೆಳಗಿನ ಸಂಖ್ಯೆ ಖಚಿತವಾಗಿ ಸಿಕ್ಕಿತು ಅಂದರೆ ಕೊಬ್ಬು ಇದೆ ಅಂತ ಅರ್ಥ. ದೊಡ್ಡವರ ಕಿಡ್ನಿಯ ಗಟ್ಟಿ ಗಂಟಿನಲ್ಲಿ ಹೀಗೆ ಕೊಬ್ಬು ಕಂಡರೆ ಅದು ಎಎಂಎಲ್ ಅಂತ ಹೇಳಿ ಮುಗಿಸಬಹುದು. ಹೊರತಾದವು ಬೆರಳೆಣಿಕೆಯಷ್ಟು. ಕೊಬ್ಬಿನ ಜೊತೆಗೆ ಸುಣ್ಣದ ಚುಕ್ಕೆಯೂ, ಅಂದರೆ ಕ್ಯಾಲ್ಸಿಯಂ ಕೂಡ ಇದ್ದರೆ ನಾವು ತಕ್ಷಣ ಸೆಟೆದು ಕೂರುತ್ತೇವೆ. ಎಎಂಎಲ್‌ನಲ್ಲಿ ಕ್ಯಾಲ್ಸಿಯಂ ತೀರಾ ಅಪರೂಪ, ಕೊಬ್ಬು ಕಾಣುವ ಅಪರೂಪದ ಕ್ಯಾನ್ಸರುಗಳಲ್ಲಿ ಅದು ಹೆಚ್ಚಾಗಿ ಇರುತ್ತದೆ. ದೊಡ್ಡದಾಗಿ ಬೆಳೆದ ಕ್ಯಾನ್ಸರ್ ಪಕ್ಕದ ಕೊಬ್ಬನ್ನೇ ನುಂಗಿಕೊಂಡು ಮೋಸ ಮಾಡುವುದೂ ಉಂಟು. ನಿಮ್ಮದು 2 ಸೆಂ.ಮೀ. ಗಂಟು, ಆ ಮಾತು ಇಲ್ಲಿಗೆ ಬರುವುದಿಲ್ಲ.

'ತೆಳು ಸ್ಲೈಸ್' ಅಂತ ಒತ್ತಿ ಹೇಳಿದ್ದಕ್ಕೆ ನನ್ನದೇ ಒಂದು ತಪ್ಪು ಕಾರಣ. ಆಗಷ್ಟೇ ಓದು ಮುಗಿಸಿ ಒಂದು ಆಸ್ಪತ್ರೆಗೆ ಸೇರಿದ್ದೆ. ಸಂಜೆ ಹೊತ್ತು, ಓದಬೇಕಾದ ಕೇಸುಗಳ ರಾಶಿ. ಒಬ್ಬ ಹೆಂಗಸಿನ ಎಡ ಕಿಡ್ನಿಯಲ್ಲಿ 1.4 ಸೆಂ.ಮೀ. ಗಂಟು. ಮೌಸ್ ಹಿಡಿದು ಗಂಟಿನ ತುಂಬ ಒಂದು ದೊಡ್ಡ ವೃತ್ತ ಎಳೆದೆ. ಪ್ಲಸ್ 8 ಅಂತ ಬಂತು. ಕೊಬ್ಬಿಲ್ಲ ಅಂದುಕೊಂಡು 'ಗಟ್ಟಿ ಗಂಟು, ಕ್ಯಾನ್ಸರ್ ಅಲ್ಲ ಅಂತ ಖಚಿತಪಡಿಸಿಕೊಳ್ಳಬೇಕು' ಅಂತ ರಿಪೋರ್ಟ್ ಬರೆದೆ. ಆಪರೇಷನ್ನಿಗೆ ದಿನವೂ ಗೊತ್ತಾಯಿತು. ಎರಡು ದಿನ ಬಿಟ್ಟು ನಮ್ಮ ಹಿರಿಯ ಟೆಕ್ನಿಷಿಯನ್ ಮೆಲ್ಲಗೆ ಬಂದು, 'ಸಾರ್, ನೀವು ನೋಡಿದ್ದು 5 ಮಿ.ಮೀ. ಸ್ಲೈಸು. 1 ಮಿ.ಮೀ. ಮಾಡಿಕೊಡ್ಲಾ?' ಅಂದರು. ರೋಗಿಯನ್ನು ಮತ್ತೆ ಕರೆಯಬೇಕಾಗಿರಲಿಲ್ಲ. ಅದೇ ಸ್ಕ್ಯಾನಿನ ಮಾಹಿತಿಯನ್ನು ಯಂತ್ರ ತೆಳುವಾಗಿ ಮತ್ತೆ ಕತ್ತರಿಸಿ ಕೊಟ್ಟಿತು. ಗಂಟಿನ ಒಂದು ಮೂಲೆಯಲ್ಲಿ ತೊಗರಿಬೇಳೆಯಷ್ಟು ಒಂದು ಕಪ್ಪು ಚುಕ್ಕೆ. ಅದರೊಳಗೆ ಸಣ್ಣ ವೃತ್ತ ಇಟ್ಟೆ. ಮೈನಸ್ 48.

ದಪ್ಪ ಸ್ಲೈಸಿನಲ್ಲಿ ಆ ಚೂರು ಕೊಬ್ಬು ಅಕ್ಕಪಕ್ಕದ ಸ್ನಾಯುವಿನ ಜೊತೆ ಸೇರಿ ಸರಾಸರಿಯಾಗಿಹೋಗಿತ್ತು. ಚೊಂಬು ನೀರಿಗೆ ಒಂದು ಚಮಚ ಹಾಲು ಹಾಕಿ, ಇದರಲ್ಲಿ ಹಾಲೇ ಇಲ್ಲ ಅಂದ ಹಾಗೆ. ರಿಪೋರ್ಟ್ ತಿದ್ದಿ ಬರೆದೆ, ಸರ್ಜನ್ ಹತ್ತಿರ ನಾನೇ ಹೋಗಿ ಹೇಳಿದೆ. ಆಪರೇಷನ್ ನಿಂತಿತು. ಈಗಲೂ ಸಣ್ಣ ಗಂಟು ಕಂಡರೆ ಸ್ಲೈಸಿನ ದಪ್ಪ ನೋಡದೆ ವೃತ್ತ ಎಳೆಯುವುದಿಲ್ಲ.

ಡೈ ಯಾಕೆ ಮೊದಲೇ ಬೇಡ ಅಂದೆ? ಡೈ ಹಾಕಿದ ಕೂಡಲೇ ಗಂಟಿನ ರಕ್ತನಾಳಗಳು ಹೊಳೆಯುತ್ತವೆ, ಸಂಖ್ಯೆ ಮೇಲೇರುತ್ತದೆ. ಸ್ವಲ್ಪವೇ ಕೊಬ್ಬಿದ್ದರೆ ಆ ಹೊಳಪಿನಲ್ಲಿ ಮುಚ್ಚಿಹೋಗಬಹುದು. ಎಷ್ಟೋ ಕಡೆ ಸಮಯ ಉಳಿಸಲು ಪ್ಲೈನ್ ಬಿಟ್ಟು ನೇರವಾಗಿ ಡೈ ಹಾಕಿದ ಸಿಟಿ ಮಾತ್ರ ತೆಗೆಯುತ್ತಾರೆ. ಕಿಡ್ನಿ ಗಂಟಿನ ವಿಷಯದಲ್ಲಿ ಅದು ನನಗೆ ಸುತರಾಂ ಇಷ್ಟವಿಲ್ಲ. ಮೊದಲು ಪ್ಲೈನ್ ತೆಗೆದು, ನೀವಿನ್ನೂ ಟೇಬಲ್ ಮೇಲೆ ಇರುವಾಗಲೇ ರೇಡಿಯಾಲಜಿಸ್ಟ್ ನೋಡಬೇಕು. ಕೊಬ್ಬು ಕಂಡರೆ ಅಲ್ಲಿಗೇ ನಿಲ್ಲಿಸಿ ಮನೆಗೆ ಕಳಿಸಬಹುದು. ವಿಕಿರಣವೂ ಕಡಿಮೆ. ಹೊಟ್ಟೆಯ ಒಂದು ಸಿಟಿಗೆ ಸಾಮಾನ್ಯವಾಗಿ 5ರಿಂದ 10 ಮಿಲಿಸೀವರ್ಟ್ ಆಗುತ್ತದೆ. ಪ್ಲೈನ್, ಡೈ ಹಾಕಿ ಒಂದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಅಂತ ಸುತ್ತು ಹೆಚ್ಚಿದಷ್ಟೂ ಅದು ಹೆಚ್ಚುತ್ತದೆ.

ಇನ್ನು ಮೆಟ್‌ಫಾರ್ಮಿನ್ ಚಿಂತೆ. ಪ್ಲೈನ್ ಸಿಟಿಗೆ ಮಾತ್ರೆ ನಿಲ್ಲಿಸಬೇಕಾಗಿಲ್ಲ, ಉಪವಾಸವೂ ಬೇಡ. ಡೈ ಹಾಕಬೇಕಾಗಿ ಬಂದರೆ ಮೊದಲು ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಸುವ ಪರೀಕ್ಷೆ) ನೋಡುತ್ತಾರೆ. ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಸಾಮಾನ್ಯವಾಗಿ ಆಗಲೂ ತೊಂದರೆಯಿಲ್ಲ. ಕೆಲವು ಕಡೆ ಮುಂಜಾಗ್ರತೆಗೆ ಎರಡು ದಿನ ನಿಲ್ಲಿಸಲು ಹೇಳುತ್ತಾರೆ, ಹೇಳಿದರೆ ಹಾಗೇ ಮಾಡಿ. ಮುಟ್ಟು ಇನ್ನೂ ನಿಂತಿಲ್ಲದಿದ್ದರೆ, ಗರ್ಭ ಇರಬಹುದೇನೋ ಅನ್ನುವ ಸಣ್ಣ ಅನುಮಾನ ಇದ್ದರೂ ಸಿಟಿಗೆ ಮೊದಲೇ ಹೇಳಿಬಿಡಿ.

ಪ್ಲೈನ್ ಸಿಟಿಯಲ್ಲಿ ಕೊಬ್ಬು ಕಾಣಲೇ ಇಲ್ಲ ಅಂದರೆ? ಆಗಲೂ ಕ್ಯಾನ್ಸರ್ ಅಂತ ತೀರ್ಮಾನಿಸಬೇಡಿ. ಮೊದಲು, ಅದು ಗಂಟೇ ಅಲ್ಲದಿರಬಹುದು. ಕಿಡ್ನಿಯ ಒಳಗೆ ಸಹಜ ಮಾಂಸವೇ ಕಂಬದ ಹಾಗೆ ಉಬ್ಬಿ ಕೂತಿರುವುದುಂಟು. 18ನೇ ಶತಮಾನದಲ್ಲಿ ಇದನ್ನು ಬರೆದಿಟ್ಟ ಫ್ರೆಂಚ್ ವೈದ್ಯನ ಹೆಸರಿನಲ್ಲಿ ಅದಕ್ಕೆ ಬರ್ಟಿನ್ ಕಂಬ ಅನ್ನುತ್ತೇವೆ. ಎಡ ಕಿಡ್ನಿಯ ಹೊರಮೈಯಲ್ಲಿ ಒಂಟೆ ಡುಬ್ಬದಂಥ ಉಬ್ಬು ಇರುವವರೂ ಇದ್ದಾರೆ. ಡೈ ಹಾಕಿದಾಗ ಇವು ಉಳಿದ ಕಿಡ್ನಿಯ ಜೊತೆಜೊತೆಗೇ ಹೊಳೆಯುತ್ತವೆ, ಒಂದು ಚೂರೂ ಬೇರೆಯಾಗಿ ಕಾಣುವುದಿಲ್ಲ. ಆದರೆ ಇವು ಬೆಳ್ಳಗೆ ಕಾಣುವುದು ಕಡಿಮೆ. ನಿಮ್ಮ ಗಂಟಿಗೆ ಈ ವಿವರಣೆ ಅಷ್ಟಾಗಿ ಹೊಂದುವುದಿಲ್ಲ.

ನೀರುಗುಳ್ಳೆಗಳದ್ದು, ಅಂದರೆ ಸಿಸ್ಟುಗಳದ್ದು, ಬೇರೆಯೇ ಕಥೆ. ವಯಸ್ಸಾದ ಹಾಗೆ ಅವು ಎಷ್ಟೋ ಜನರಲ್ಲಿ ಇರುತ್ತವೆ. ಪ್ಲೈನ್ ಸಿಟಿಯಲ್ಲಿ ಸಂಖ್ಯೆ 20ರೊಳಗೆ ಇದ್ದು ಒಳಗೆಲ್ಲ ಒಂದೇ ಸಮ ಇದ್ದರೆ ಮಾಮೂಲಿ ಸಿಸ್ಟ್. 70 ದಾಟಿ ಒಂದೇ ಸಮ ಇದ್ದರೂ ಹೆದರಬೇಕಿಲ್ಲ, ಹಳೆಯ ರಕ್ತವೋ ಪ್ರೊಟೀನೋ ತುಂಬಿದ ಸಿಸ್ಟ್ ಅದು. ನಡುವಿನ ಸಂಖ್ಯೆಗಳೇ ತಲೆನೋವು, ಅವಕ್ಕೆ ಡೈ ಅಥವಾ ಎಂಆರ್‌ಐ (ಅಯಸ್ಕಾಂತ ಬಳಸಿ ತೆಗೆಯುವ ಸ್ಕ್ಯಾನ್) ಬೇಕು. ಗೋಡೆ, ಪರದೆ, ಒಳಗಿನ ಗಟ್ಟಿ ಭಾಗ ಹೇಗಿವೆ ಅಂತ ನೋಡಿ ಸಿಸ್ಟುಗಳನ್ನು ದರ್ಜೆಗೆ ಹಾಕುವ ಪದ್ಧತಿಯನ್ನು ಮಾರ್ಟನ್ ಬಾಸ್ನಿಯಾಕ್ 1986ರಲ್ಲಿ ತಂದರು, 2019ರಲ್ಲಿ ಅದರ ಪರಿಷ್ಕೃತ ರೂಪ ಬಂತು. ರಿಪೋರ್ಟಿನಲ್ಲಿ ಬಾಸ್ನಿಯಾಕ್ 1 ಅಥವಾ 2 ಅಂತ ಇದ್ದರೆ ಆ ಕಾಗದವನ್ನು ಬೀರುವಿನಲ್ಲಿಟ್ಟು ಮರೆತುಬಿಡಬಹುದು.

ಈಗ ನಿಜವಾದ ಕಷ್ಟದ ಜಾಗಕ್ಕೆ ಬಂದೆವು. ನೂರು ಎಎಂಎಲ್‌ಗಳಲ್ಲಿ ಸುಮಾರು 5ರಲ್ಲಿ ಕಣ್ಣಿಗೆ ಕಾಣುವಷ್ಟು ಕೊಬ್ಬೇ ಇರುವುದಿಲ್ಲ. ಬರೀ ಸ್ನಾಯು ಮತ್ತು ರಕ್ತನಾಳ. ಅಂಥವು ಪ್ಲೈನ್ ಸಿಟಿಯಲ್ಲಿ ಕಿಡ್ನಿಗಿಂತ ಸ್ವಲ್ಪ ಬೆಳ್ಳಗೆ, ಎಂಆರ್‌ಐನಲ್ಲಿ ಟಿ2 ಅನ್ನುವ ಬಗೆಯ ಚಿತ್ರದಲ್ಲಿ ಕಪ್ಪಗೆ ಕಾಣುತ್ತವೆ. ಎಂಆರ್‌ಐನಲ್ಲಿ ಇನ್ನೂ ಒಂದು ಉಪಾಯ ಇದೆ. ಒಂದೇ ಜಾಗದ ಚಿತ್ರವನ್ನು ಎರಡು ಸಲ ತೆಗೆಯುತ್ತಾರೆ, ಎರಡನೇ ಸಲ ಕೊಬ್ಬಿನ ಸದ್ದನ್ನು ಮಾತ್ರ ಅಡಗಿಸುತ್ತಾರೆ. ಮೊದಲ ಚಿತ್ರದಲ್ಲಿ ಹೊಳೆದದ್ದು ಎರಡನೆಯದರಲ್ಲಿ ಕಪ್ಪಾದರೆ ಕೊಬ್ಬು ಸಿಕ್ಕಿಬಿದ್ದ ಹಾಗೆ. ಇನ್ನೊಂದು ಬಗೆಯ ಚಿತ್ರದಲ್ಲಿ ಗಂಟೂ ಕಿಡ್ನಿಯೂ ಸೇರುವ ಗಡಿಯಲ್ಲಿ ಇಂಕ್ ಪೆನ್ನಿನಲ್ಲಿ ಗೀಟು ಹಾಕಿದ ಹಾಗೆ ಕಪ್ಪು ಗೆರೆ ಬರುತ್ತದೆ. ಅದನ್ನು ಕಂಡಾಗ ಆಗುವ ಸಂತೋಷ ಬೇರೆಯವರಿಗೆ ಹೇಳಿದರೆ ಅರ್ಥವಾಗುವುದಿಲ್ಲ! ಆದರೆ ಈ ಚಿತ್ರದಲ್ಲಿ ಇಡೀ ಗಂಟು ಸ್ವಲ್ಪ ಮಂಕಾದ ಮಾತ್ರಕ್ಕೆ ಎಎಂಎಲ್ ಅನ್ನಬಾರದು. ಕಿಡ್ನಿ ಕ್ಯಾನ್ಸರಿನ ಒಂದು ಸಾಮಾನ್ಯ ಬಗೆಯಲ್ಲಿ ಜೀವಕೋಶದ ಒಳಗೇ ಕೊಬ್ಬಿನ ಅಂಶ ಇರುತ್ತದೆ, ಅದೂ ಹಾಗೇ ಮಂಕಾಗುತ್ತದೆ.

ಆಂಕೋಸೈಟೋಮಾ ಅಂತ ಇನ್ನೊಂದು ಗಂಟಿದೆ. ಅದೂ ನಿರುಪದ್ರವಿಯೇ. ಕೊಬ್ಬಿಲ್ಲ, ಮೈತುಂಬ ರಕ್ತ. ಮಧ್ಯದಲ್ಲಿ ನಕ್ಷತ್ರದ ಆಕಾರದ ಕಲೆ ಇರುತ್ತದೆ ಅಂತ ನಾವೆಲ್ಲ ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಪಾಸಾದೆವು. ನಿಜವಾಗಿ ಆ ಕಲೆ ಕಾಣುವುದು ಮೂರರಲ್ಲಿ ಒಂದರಲ್ಲಿ. ಅದು ಸಾಲದೆಂಬಂತೆ ಕ್ರೋಮೋಫೋಬ್ ಅನ್ನುವ ಕ್ಯಾನ್ಸರಿನಲ್ಲೂ ಅಂಥದೇ ಕಲೆ ಕಾಣಬಹುದು. ಸಿಟಿಯಲ್ಲಿ ಇವೆರಡನ್ನು ನಂಬಿಕೆಯಿಂದ ಬೇರೆ ಮಾಡಲು ಆಗುವುದಿಲ್ಲ, ಆಗುತ್ತದೆ ಅನ್ನುವವರನ್ನು ನಾನು ನಂಬುವುದೂ ಇಲ್ಲ. ಹೃದಯದ ಸ್ಕ್ಯಾನಿಗೆ ಬಳಸುವ ಸೆಸ್ಟಮಿಬಿ ಅನ್ನುವ ಔಷಧಿಯನ್ನು ಈಗ ಇದಕ್ಕೂ ಬಳಸುತ್ತಾರೆ. ಆಂಕೋಸೈಟೋಮಾದ ಕೋಶಗಳಲ್ಲಿ ಮೈಟೋಕಾಂಡ್ರಿಯಾ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಭಾಗಗಳು, ಕಿಕ್ಕಿರಿದಿರುತ್ತವೆ, ಈ ಔಷಧಿ ಹೋಗಿ ಸೇರುವುದು ಅಲ್ಲಿಗೇ. ಹಾಗಾಗಿ ಗಂಟು ದೀಪದ ಹಾಗೆ ಬೆಳಗುತ್ತದೆ. ಎಲ್ಲಾ ಊರಿನಲ್ಲಿ ಸಿಗುವ ಪರೀಕ್ಷೆಯಲ್ಲ.

ಇಷ್ಟಾದರೂ ಬಗೆಹರಿಯದಿದ್ದರೆ ಸೂಜಿ. ಚುಚ್ಚಿದರೆ ಹರಡುತ್ತೆ ಅನ್ನುವ ಭಯ ಹಳೆಯದು, ಒಂದು ಕಾಲದಲ್ಲಿ ಡಾಕ್ಟರುಗಳಿಗೂ ಇತ್ತು. ಈಗ ಸೂಜಿಯನ್ನು ಒಂದು ಕೊಳವೆಯ ಒಳಗಿಂದ ಕಳಿಸಿ ತುಣುಕು ತೆಗೆಯುತ್ತಾರೆ, ದಾರಿಯಲ್ಲಿ ಕೋಶ ಉದುರುವುದು ಅತ್ಯಂತ ಅಪರೂಪ. 4 ಸೆಂ.ಮೀ.ವರೆಗಿನ ಗಟ್ಟಿ ಗಂಟುಗಳನ್ನು ಕ್ಯಾನ್ಸರ್ ಅಂದುಕೊಂಡು ಆಪರೇಷನ್ ಮಾಡಿ ತೆಗೆದಾಗ, ಸುಮಾರು ಐದರಲ್ಲಿ ಒಂದು ಕ್ಯಾನ್ಸರೇ ಅಲ್ಲ ಅಂತ ಆಮೇಲೆ ಗೊತ್ತಾಗುತ್ತದೆ. ಅದರ ಮುಂದೆ ಒಂದು ಸೂಜಿ ದೊಡ್ಡದಲ್ಲ. ಆದರೆ ಅದು ಕೊನೆಯ ಬಾಗಿಲು, ನೀವಿನ್ನೂ ಅಂಗಳದಲ್ಲಿದ್ದೀರಿ.

ನಿಮ್ಮ ತಮ್ಮನಿಗೆ ಒಂದು ಮಾತು. ಪೆಟ್ ದುಬಾರಿ, ಹಾಗಾಗಿ ಅದೇ ಒಳ್ಳೆಯದು ಅನ್ನಿಸುವುದು ಸಹಜ. ಆ ಸ್ಕ್ಯಾನಿಗೆ ಹಾಕುವ ಸಕ್ಕರೆಯಂಥ ಔಷಧಿ ದೇಹದಿಂದ ಹೊರಹೋಗುವುದೇ ಕಿಡ್ನಿಯ ಮೂಲಕ, ಮೂತ್ರದಲ್ಲಿ. ಹಾಗಾಗಿ ಗಂಟು ಇರಲಿ ಬಿಡಲಿ, ಕಿಡ್ನಿ ಹೊಳೆಯುತ್ತದೆ. ಜಾತ್ರೆಯ ದೀಪಗಳ ನಡುವೆ ಮಿಣುಕುಹುಳ ಹುಡುಕಿದ ಹಾಗೆ. ಸಾಲದ್ದಕ್ಕೆ ಎಷ್ಟೋ ಕಿಡ್ನಿ ಕ್ಯಾನ್ಸರುಗಳು ಆ ಔಷಧಿಯನ್ನು ಹೆಚ್ಚಾಗಿ ಹೀರಿಕೊಳ್ಳುವುದೇ ಇಲ್ಲ. ಪೆಟ್ ಸುಮ್ಮನಿದ್ದರೂ ನಿಮಗೆ ಧೈರ್ಯ ಬರುವುದಿಲ್ಲ.

ಸಿಟಿಯಲ್ಲಿ ಕೊಬ್ಬು ಕಂಡು ಎಎಂಎಲ್ ಅಂತ ಖಚಿತವಾಯಿತು ಅಂದುಕೊಳ್ಳಿ. ಮುಂದಿನ ಚಿಂತೆ ಕ್ಯಾನ್ಸರಿನದಲ್ಲ, ರಕ್ತಸ್ರಾವದ್ದು. ಈ ಗಂಟಿನ ರಕ್ತನಾಳಗಳ ಗೋಡೆ ಗಟ್ಟಿ ಇರುವುದಿಲ್ಲ, ಅಲ್ಲಲ್ಲಿ ಬಲೂನಿನ ಹಾಗೆ ಉಬ್ಬುತ್ತವೆ. ಗಂಟು 4 ಸೆಂ.ಮೀ. ದಾಟಿದರೆ, ಅಥವಾ ಉಬ್ಬು 5 ಮಿ.ಮೀ. ಮುಟ್ಟಿದರೆ ಒಡೆಯುವ ಅಪಾಯ ಹೆಚ್ಚು. ಬಸುರಿನಲ್ಲೂ ಹೆಚ್ಚು. ಹೀಗೆ ಏಟು ಬೀಳದೆಯೇ ಕಿಡ್ನಿಯ ಸುತ್ತ ರಕ್ತ ತುಂಬುವುದನ್ನು 1856ರಲ್ಲಿ ವಿವರಿಸಿದವರು ಜರ್ಮನಿಯ ಕಾರ್ಲ್ ವುಂಡರ್‌ಲಿಷ್, ಜ್ವರಕ್ಕೆ ಥರ್ಮಾಮೀಟರ್ ಇಟ್ಟು ಬರೆದುಕೊಳ್ಳುವುದನ್ನು ರೂಢಿಗೆ ತಂದ ಅದೇ ವೈದ್ಯರು. ದೊಡ್ಡ ಗಂಟಿದ್ದರೆ ತೊಡೆಯ ಅಥವಾ ಕೈಯ ರಕ್ತನಾಳದಿಂದ ಸಣ್ಣ ಕೊಳವೆ ಕಳಿಸಿ, ಗಂಟಿಗೆ ಹೋಗುವ ರಕ್ತವನ್ನಷ್ಟೇ ಮುಚ್ಚುತ್ತಾರೆ. ಕಿಡ್ನಿ ಉಳಿಯುತ್ತದೆ. ನಿಮ್ಮ 2.1 ಸೆಂ.ಮೀ. ಗಂಟಿಗೆ ಸದ್ಯ ಇದ್ಯಾವುದೂ ಬೇಡ.

ಸಿಟಿಯಲ್ಲಿ ಎರಡೂ ಕಿಡ್ನಿಯಲ್ಲಿ ಹಲವು ಗಂಟು ಕಂಡರೆ ಮಾತ್ರ ಟ್ಯೂಬರಸ್ ಸ್ಕ್ಲೆರೋಸಿಸ್ ಅನ್ನುವ ಹುಟ್ಟಿನಿಂದ ಬರುವ ಕಾಯಿಲೆಯನ್ನು ಯೋಚಿಸುತ್ತಾರೆ. ಚಿಕ್ಕಂದಿನಲ್ಲಿ ಫಿಟ್ಸ್, ಮೂಗಿನ ಅಕ್ಕಪಕ್ಕ ಮೊಡವೆಯಂಥ ಗುಳ್ಳೆ, ಚರ್ಮದ ಮೇಲೆ ಎಲೆಯಾಕಾರದ ಬಿಳಿ ಮಚ್ಚೆ ಇವೆಲ್ಲ ಅದರ ಗುರುತು. ಹತ್ತರಲ್ಲಿ ಎಂಟು ಎಎಂಎಲ್‌ಗಳಿಗೆ ಇದರ ಸಂಬಂಧ ಇರುವುದಿಲ್ಲ. ಇದ್ದವರಿಗೆ ಗಂಟು ಕುಗ್ಗಿಸುವ ಎವೆರೋಲಿಮಸ್ ಮಾತ್ರೆ ಇದೆ.

ಒಂದು ಸಲ ಸಿಟಿಯಲ್ಲಿ ಖಚಿತವಾದರೆ ಆಮೇಲೆ ಪ್ರತಿ ಸಲ ಸಿಟಿ ಬೇಡ. ವರ್ಷಕ್ಕೊಮ್ಮೆ ಮಾಮೂಲಿ ಹೊಟ್ಟೆ ಸ್ಕ್ಯಾನಿಂಗ್ ಸಾಕು, ನೋಡಬೇಕಾದ್ದು ಬೆಳೆದಿದೆಯಾ ಅನ್ನುವುದನ್ನು ಮಾತ್ರ. 2 ಸೆಂ.ಮೀ.ಗಿಂತ ಸಣ್ಣದಾದರೆ ಅದೂ ಬೇಡ ಅನ್ನುವ ತಜ್ಞರಿದ್ದಾರೆ. ನಿಮ್ಮದು ಆ ಗೆರೆಯ ಮೇಲೇ ಕೂತಿದೆ, ನಾನಾದರೆ ಕೆಲವು ವರ್ಷ ನೋಡುತ್ತೇನೆ. 2.1 ಇದ್ದದ್ದು ಮುಂದಿನ ವರ್ಷ 2.3 ಅಂತ ಬಂದರೆ ಬೆಚ್ಚಿ ಬೀಳಬೇಡಿ. ಅಳೆಯುವವರ ಕೈ ಬದಲಾದರೆ ಅಷ್ಟು ಹೆಚ್ಚುಕಡಿಮೆ ಬಂದೇ ಬರುತ್ತದೆ.

ಸಿಟಿಗೆ ಹೋಗುವಾಗ ಚೀಟಿಯಲ್ಲಿ ಸುಮ್ನೆ 'ಸಿಟಿ ಹೊಟ್ಟೆ' ಅಂತ ಬರೆಸಬೇಡಿ. 'ಬಲ ಕಿಡ್ನಿಯ ಗಂಟಿನಲ್ಲಿ ಕೊಬ್ಬಿದೆಯೇ ನೋಡಲು ತೆಳು ಸ್ಲೈಸಿನ ಪ್ಲೈನ್ ಸಿಟಿ, ಬೇಕಾದರೆ ಮಾತ್ರ ಡೈ' ಅಂತ ನಿಮ್ಮ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಹಳೆಯ ಸ್ಕ್ಯಾನಿಂಗ್ ರಿಪೋರ್ಟ್ ಜೊತೆಗಿರಲಿ. ರಿಪೋರ್ಟ್ ಬಂದಾಗ ಗಂಟಿನ ಸಾಲಿನಲ್ಲಿ ಹೌನ್ಸ್‌ಫೀಲ್ಡ್ ಸಂಖ್ಯೆ ಇದೆಯಾ, ಅದರ ಹಿಂದೆ ಮೈನಸ್ ಇದೆಯಾ ನೋಡಿ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ, ಅದು ನಿಮ್ಮ ಹಕ್ಕು. ಫಿಲಂ ಜೊತೆ ಸಿ.ಡಿ.ಯನ್ನೂ ತಗೊಳ್ಳಿ. ಫಿಲಂನಲ್ಲಿ ಯಾರೂ ಮತ್ತೆ ಅಳೆಯಲು ಆಗುವುದಿಲ್ಲ, ಸಿ.ಡಿ.ಯಲ್ಲಿ ಆಗುತ್ತದೆ. ಈ ನಡುವೆ ಎಂದಾದರೂ ಬಲ ಪಕ್ಕೆಯಲ್ಲಿ ಇದ್ದಕ್ಕಿದ್ದಂತೆ ಜೋರು ನೋವು ಬಂದು ತಲೆ ಸುತ್ತಿದರೆ, ಬೆವರಿ ಕಣ್ಣು ಕತ್ತಲೆ ಬಂದರೆ, ಮೂತ್ರ ಕೆಂಪಾದರೆ ಗ್ಯಾಸ್ ಮಾತ್ರೆ ನುಂಗಿ ಮಲಗಬೇಡಿ. ಆ ಹೊತ್ತಿಗೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, 'ಕಿಡ್ನಿಯಲ್ಲಿ ಗಂಟಿದೆ' ಅಂತ ಬಾಗಿಲಲ್ಲೇ ಹೇಳಿ.